ಬ್ಯಾಕ್‌ಹೋಗೊಂದು ಹೆಬ್ಬೆಟ್ಟು

ಗೀವ್‌ಸ್ಟನ್ನಿನ ಆಚೆ, ಜುಲೈ ತಿಂಗಳ ಚಳಿಯಲ್ಲಿ,
ಥೆಲ್ಮಾ ಕ್ಲೆನೆಟ್ ತನ್ನ ಹಳದಿ ಬ್ಯಾಕ್‌ಹೋ ತೋರಿಸಿ ಅಂದಳು:
"ನಲವತ್ತು ವರ್ಷದಿಂದ ಇದಕ್ಕೆ ಕೆರೆಯೋದು ಗೊತ್ತು,
ಹಿಡಿಯೋದು ಗೊತ್ತಿಲ್ಲ."
ಬಕೆಟ್ಟಿಗೆ ಐದು ಹಲ್ಲು.
ಬಂಡೆ ಎತ್ತಿದರೆ ಅರ್ಧ ದಾರಿಗೇ ಉರುಳಿ
ಮತ್ತೆ ಹಳ್ಳಕ್ಕೆ, ತವರಿಗೆ ಹೊರಟ ಹಾಗೆ.

ಹರಿಹರದ ವರ್ಕ್‌ಶಾಪಿನಲ್ಲಿ ಕಲಿತ ಬೆಸುಗೆ ನನ್ನದು.
ಇಲ್ಲಿ, ಟಾಸ್ಮೇನಿಯಾದಲ್ಲಿ, ವಾರಕ್ಕೆ ಐದು ದಿನ
ಗೇಟು, ಟ್ರೇಲರು, ದನದ ಕಟಕಟೆ.
ಹಾಲೇಶ ಅನ್ನಲು ಬಾರದೆ ಆಕೆ ನನ್ನನ್ನು ಹ್ಯಾಲಿ ಮಾಡಿದ್ದಾಳೆ.
ಶನಿವಾರ ಆಕೆಯ ಶೆಡ್ಡು.

ಮೊದಲು ರಟ್ಟು.
ಫ್ರಿಜ್ಜು ಬಂದ ಡಬ್ಬ ಸೀಳಿ ನೆಲಕ್ಕೆ ಹಾಸಿ
ಸೀಮೆಸುಣ್ಣದಲ್ಲಿ ಬರೆದು ಕತ್ತರಿಸಿದಳು; ಮೊಳೆಯೊಂದು ಕೀಲು.
ಆಮೇಲೆ ಉಕ್ಕು: ಹಳೇ ಸೇತುವೆಯಿಂದ ಬಿಚ್ಚಿದ
ಇಪ್ಪತ್ತು ಮಿಲಿಮೀಟರಿನ ಹಲಗೆ,
ಹುಲ್ಲಿನ ಬೇಲರಿನ ಸಿಲಿಂಡರು,
ಲಾರಿಯ ಆಕ್ಸಲ್ ಕೊಯ್ದು ಮಾಡಿದ ಪಿನ್ನು.
ಟ್ಯಾಕ್ ಹಾಕಿ ನೋಡಿದರೆ
ಬಕೆಟ್ಟು ಮಡಚಿಕೊಂಡಿತು, ಹೆಬ್ಬೆಟ್ಟು ಮೇಲೆಯೇ ಉಳಿಯಿತು,
ಮದುವೆ ಫೋಟೋದಲ್ಲಿ ಬೇರೆಲ್ಲೋ ನೋಡುವ ನೆಂಟ.

ಮಧ್ಯಾಹ್ನ ಡಬ್ಬಿ ಬಿಚ್ಚಿದೆ:
ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಪುಡಿ.
ಒಂದೇ ಕೈಯಲ್ಲಿ ರೊಟ್ಟಿ ಮುರಿದೆ.
ಆಕೆ ಸ್ಯಾಂಡ್‌ವಿಚ್ಚು ಕೆಳಗಿಟ್ಟಳು.
"ಇನ್ನೊಮ್ಮೆ ಮುರಿ."
ಮುರಿದೆ.
"ಮೆಲ್ಲಗೆ."
ಮೂವತ್ತೆಂಟು ವರ್ಷ ಉಂಡಿದ್ದೇನೆ, ನನ್ನ ತುತ್ತನ್ನು
ಹೀಗೆ ಯಾರೂ ತಪಾಸಣೆ ಮಾಡಿರಲಿಲ್ಲ, ಅವ್ವ ಕೂಡ.
"ನೋಡು, ಅದು ಬೆರಳಿಗೆ ಎದುರು ಎಲ್ಲೋ ದೂರ ಹುಟ್ಟೋದಿಲ್ಲ.
ಮಣಿಕಟ್ಟಿನ ಪಕ್ಕದಿಂದಲೇ ಹೊರಡುತ್ತೆ."
ಟ್ಯಾಕ್ ಕಡಿದೆ.
ಕೀಲನ್ನು ಒಂಬತ್ತು ಇಂಚು ಇಳಿಸಿದೆವು, ಬಕೆಟ್ಟಿನ ಗೆಣ್ಣಿನ ಹತ್ತಿರಕ್ಕೆ.

ನಿಮ್ಮಲ್ಲಿ ಇದಕ್ಕೇನಂತೀರಿ, ಅಂದಳು.
ಹೆಬ್ಬೆಟ್ಟು ಅಂದೆ. ಹಿರಿಯ ಬೆರಳು.
ಕೊನೆಯ ಉಕಾರ ಅಕಾರವಾದರೆ ದೊಡ್ಡ ಗುಡ್ಡ.
ಆಕೆಯ ಬಾಯಲ್ಲಿ ಅದು ಗುಡ್ಡವೇ ಆಯಿತು.
ಶೆಡ್ಡಿನ ಕಿಟಕಿಯಾಚೆ ಹಾರ್ಟ್ಜ್ ಶಿಖರ
ಹಿಮ ಹೊದ್ದು ನಿಂತಿತ್ತು, ಕರೆದರೆ ಓ ಅನ್ನುವಷ್ಟು ದೂರದಲ್ಲಿ.

ಮೊದಲ ದಿನವೇ ಹೋಸು ಒಡೆಯಿತು.
ಬಕೆಟ್ಟಿಗೆ ಬಲ ಹೆಚ್ಚು. ಅದು ಒತ್ತಿತು, ಹೆಬ್ಬೆಟ್ಟು ಜಗ್ಗಲಿಲ್ಲ,
ನಡುವೆ ಸಿಕ್ಕ ಎಣ್ಣೆಗೆ ಓಡಲು ದಾರಿ ಇರಲಿಲ್ಲ.
ತಗಡಿಗೆ, ನನ್ನ ಟೋಪಿಗೆ, ಆಕೆಯ ಬಿಳಿ ಕೋಳಿಗೆ ಎಣ್ಣೆ.
ಬೆಸುಗೆ ಬಿಟ್ಟಿಲ್ಲ ನೋಡು, ಅಂತ ಬೀಗಿದೆ.
ಕೋಳಿ ಒರೆಸುತ್ತ ಅಂದಳು:
"ಗಟ್ಟಿ ಇದ್ದರೆ ಸಾಲದು, ಸೋಲೋಕೊಂದು ಕಿಂಡಿ ಬೇಕು."
ಹೋಬರ್ಟಿನಿಂದ ಬಂತು ರಿಲೀಫ್ ವಾಲ್ವು.
ಸೀಲು, ಹೋಸು ಬಿಟ್ಟರೆ ದುಡ್ಡು ಕೊಟ್ಟು ತಂದದ್ದು ಅದೊಂದೇ.

ಒಂದು ವಿಷಯ ಆಕೆಗೆ ಹೇಳಿರಲಿಲ್ಲ.
ಎಡಗಡೆಯ ಕಿವಿಯ ಒಳಮೂಲೆಯಲ್ಲಿ
ಗಾಳಿ ನುಗ್ಗಿ, ನನ್ನ ಬೆಸುಗೆಗೆ ಸಿಡುಬಿನ ಕಲೆ.
ಹಳದಿ ಬಳಿದರೆ ಯಾರಿಗೆ ಕಾಣುತ್ತೆ.
ಬುಧವಾರ ರಾತ್ರಿ ಹೋಗಿ
ಗಾಡಿಯ ದೀಪದಲ್ಲಿ ಉಜ್ಜಿ ತೆಗೆದು ಮತ್ತೆ ಬೆಸೆದೆ.
ನಾಯಿ ಬೊಗಳಿತು.
ಅಡುಗೆಮನೆಯ ದೀಪ ಹತ್ತಿತು, ಆರಿತು.

ಶನಿವಾರ ಹಳ್ಳದ ಬಂಡೆ.
ಹಲ್ಲು ಈ ಕಡೆ, ಹೆಬ್ಬೆಟ್ಟು ಆ ಕಡೆ,
ನಡುವೆ ನೀರು ಸುರಿಸುತ್ತ ಎದ್ದಿತು
ಪಾಚಿಯ ಹೊಟ್ಟೆ ತೋರಿಸುತ್ತ.
ಗೋಡೆಯ ಮೇಲಿಟ್ಟು ಲಿವರು ತಳ್ಳಿದಳು.
ಬಿಡಲಿಲ್ಲ. ಎಣ್ಣೆ ಇನ್ನೂ ತಣ್ಣಗಿತ್ತು.
ಕಾದೆವು.
"ಎಡಗಿವಿ ಈಗ ಸರಿಯಿದೆಯಲ್ಲ?" ಅಂದಳು
ನನ್ನ ಕಡೆ ನೋಡದೆ.
ಆಮೇಲೆ, ನಿಧಾನಕ್ಕೆ, ಬಿಟ್ಟಿತು.